ನಮ್ಮ ಮೇಲೆ ಯಾರೂ ಇಲ್ಲ

ನದಿ ಕೊಳೆತರೆ ಮೇಲಿನ ಊರಿನವರನ್ನು ಬೈಯುವುದು ಎಲ್ಲ ಕಡೆಯೂ ಇರುವ ರೂಢಿ. ತಮಿಳುನಾಡಿನ ಹೊಸೂರಿನ ರೈತ ಕೆಲವರಪಲ್ಲಿ ಅಣೆಕಟ್ಟೆಯಲ್ಲಿ ನೊರೆ ಎದ್ದಾಗಲೆಲ್ಲ ಬೆಂಗಳೂರಿನ ಕಡೆ ಬೆರಳು ತೋರಿಸುತ್ತಾನೆ. ಕನಕಪುರದವರು ಅರ್ಕಾವತಿಯ ಬಣ್ಣ ನೋಡಿ ಅದೇ ಬೆಂಗಳೂರಿಗೆ ಶಾಪ ಹಾಕುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮಗೆ ಮಾತ್ರ ಹಾಗೆ ಬೈಯುವ ಅನುಕೂಲವಿಲ್ಲ. ನಮ್ಮ ಮೇಲಿರುವುದು ನಂದಿಬೆಟ್ಟ, ಚನ್ನಕೇಶವ ಬೆಟ್ಟ, ಅಂಬಾಜಿದುರ್ಗ. ಅವುಗಳ ಮೇಲೆ ಮೋಡ. ಮೋಡದಿಂದ ಬಿದ್ದ ನೀರು ಬಂಡೆಯ ಮೇಲಿಂದ ಜಾರಿ ಮೊದಲು ಮುಟ್ಟುವುದು ನಮ್ಮ ಹೊಲವನ್ನು, ನಮ್ಮ ಬೀದಿಯನ್ನು, ನಮ್ಮ ಮೋರಿಯನ್ನು. ಅದರಲ್ಲಿ ಏನೇ ಕೊಳೆ ಸೇರಿದರೂ ಅದು ನಾವೇ ಸೇರಿಸಿದ್ದು.

ಭಾಷಣಗಳಲ್ಲಿ ನಾವು ಪಂಚನದಿಗಳ ನಾಡಿನವರು ಎಂದು ಎದೆ ಉಬ್ಬಿಸುತ್ತೇವೆ. ಸುಳ್ಳೇನಲ್ಲ. ಉತ್ತರ ಪಿನಾಕಿನಿ ಇಲ್ಲಿ ಹುಟ್ಟಿ, ಗೌರಿಬಿದನೂರನ್ನು ಹಾದು, ಹಿಂದೂಪುರದ ಕಡೆ ತಿರುಗಿ, ಗಂಡಿಕೋಟೆಯ ಬಂಡೆಗಳನ್ನು ಸೀಳಿಕೊಂಡು ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲಿಂದ ತಮಿಳುನಾಡಿಗೆ ಹೋಗಿ ಕಡಲೂರಿನಲ್ಲಿ ಮುಗಿಯುತ್ತದೆ. ಚಿತ್ರಾವತಿ ಬಾಗೇಪಲ್ಲಿ ದಾಟಿ ಪುಟ್ಟಪರ್ತಿಯ ಪಕ್ಕದಲ್ಲಿ ಹರಿಯುತ್ತದೆ. ಪಾಪಾಗ್ನಿ ಕಡಪ ಜಿಲ್ಲೆಗೆ ಇಳಿದು ಉತ್ತರ ಪಿನಾಕಿನಿಯನ್ನೇ ಕೂಡುತ್ತದೆ. ಪಾಲಾರ್ ಚಿಂತಾಮಣಿ ಕಡೆಯ ತಲಗವಾರದ ಬಳಿ ಕಣ್ಣುಬಿಟ್ಟು ಬೇತಮಂಗಲದ ಮೇಲಿಂದ ವಾಣಿಯಂಬಾಡಿ, ಆಂಬೂರು, ವೇಲೂರಿಗೆ ಹೋಗುತ್ತದೆ. ಐದರ ಲೆಕ್ಕಕ್ಕೆ ಸಿಗದೆ ಉಳಿದ ಅರ್ಕಾವತಿಯೂ ನಂದಿಯ ಮಗಳೇ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಸಲ ಕೊಳವೆಯಲ್ಲಿ ನೀರು ಬಂದದ್ದು ಆಕೆಗೆ ಅಡ್ಡ ಕಟ್ಟಿದ ಹೆಸರಘಟ್ಟದ ಕೆರೆಯಿಂದ.

ಇಷ್ಟೆಲ್ಲ ನದಿಗಳ ತವರು ಎಂದು ಹೇಳಿಕೊಳ್ಳುವ ನಾವು ಅವುಗಳನ್ನು ನೋಡಿಕೊಂಡಿರುವ ರೀತಿ ಬಾಯಿಬಿಟ್ಟು ಹೇಳುವಂಥದ್ದಲ್ಲ. ನಂಬಿಕೆ ಬಾರದಿದ್ದರೆ ಮಾರ್ಚ್ ತಿಂಗಳಲ್ಲಿ ಗೌರಿಬಿದನೂರಿನ ಪಿನಾಕಿನಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿ. ನೀರು ಹುಡುಕಬೇಡಿ, ಇರುವುದಿಲ್ಲ. ಇರುವುದು ಜಾಲಿ. ಜಾಲಿಯ ಮುಳ್ಳಿಗೆ ಸಿಕ್ಕಿ ಹರಿದ ಪ್ಲಾಸ್ಟಿಕ್ ಕವರು. ಮರಳು ಬಗೆದ ಗುಂಡಿಗಳು, ಗುಂಡಿಯಲ್ಲಿ ಒಡೆದ ಗೋಡೆಯ ಇಟ್ಟಿಗೆ, ಟೈಲ್ಸ್ ಚೂರು. ಗೋಣಿಚೀಲದಲ್ಲಿ ಕಟ್ಟಿ ಎಸೆದ ಕೋಳಿಪುಕ್ಕ, ಅದನ್ನು ಎಳೆದಾಡುವ ನಾಯಿಗಳು. ಕಲ್ಯಾಣಮಂಟಪದ ಊಟದೆಲೆ, ಥರ್ಮಾಕೋಲ್ ತಟ್ಟೆ. ಹೋದ ವರ್ಷದ ಗಣೇಶನ ಕೈಯೊಂದು, ಬಣ್ಣ ಇನ್ನೂ ಮಾಸಿಲ್ಲ.

ಬೇಸಗೆಯಲ್ಲಿ ಬತ್ತುವ ನದಿಯನ್ನು ನಾವು ನದಿ ಎಂದು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇವೆ. ಮೂಲ ತಪ್ಪು ಇದು. ತುಂಬಿ ಹರಿಯುವ ಕಾವೇರಿಗೆ ಕಸ ಹಾಕುವವನಿಗೆ ಒಂದಿಷ್ಟಾದರೂ ಅಳುಕು ಇರುತ್ತದೆ. ಒಣಗಿದ ಪಿನಾಕಿನಿಗೆ ಹಾಕುವವನಿಗೆ ಅದು ಬೀಳುಭೂಮಿ, ಯಾರಪ್ಪನ ಸ್ವತ್ತೂ ಅಲ್ಲದ ಜಾಗ. ಆದರೆ ಹರಿಯುವ ಹೊಳೆ ಕೊಳೆಯನ್ನು ತೊಳೆದು ಮುಂದಕ್ಕೆ ಒಯ್ಯುತ್ತದೆ, ಒಣಗಿದ ಹೊಳೆ ಅದನ್ನು ನಮ್ಮ ಬಳಿಯೇ ಇಟ್ಟುಕೊಂಡಿರುತ್ತದೆ. ಎಂಟು ತಿಂಗಳು ಕೂಡಿಟ್ಟದ್ದು ಮೊದಲ ದೊಡ್ಡ ಮಳೆಗೆ ಒಟ್ಟಿಗೆ ಹೊರಡುತ್ತದೆ. ಹೊರಡುವ ಮೊದಲು ಒಂದಷ್ಟು ಮರಳಿನೊಳಗೆ ಇಳಿದಿರುತ್ತದೆ. ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲಿನ ಸಡಿಲ ಮಣ್ಣು ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆ ಬಿರುಕುಗಳಿಗೆ ನೀರು ಇಳಿಯುವುದು ಹೊಳೆಯ ಮರಳಿನಿಂದ, ಕೆರೆಯ ಅಂಗಳದಿಂದ. ಅಲ್ಲೇ ಚೀಲ ಬಿಚ್ಚಿ ಸುರಿದದ್ದು ಸಾವಿರ ಅಡಿಯ ಬೋರಿನಲ್ಲಿ ನಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಈಗಾಗಲೇ ಫ್ಲೋರೈಡ್ ಎಂಬ ಶಾಪ ತಲೆಮೇಲಿದೆ. ಅದನ್ನು ನಾವು ಸುರಿದಿಲ್ಲ, ಅದು ಕಲ್ಲಿನ ಗುಣ. ಆಳಕ್ಕೆ ಕೊರೆದಷ್ಟೂ ಹೆಚ್ಚು ಕಾಡುತ್ತದೆ. ಕ್ಯಾನು ಹಿಡಿದು, ನಾಣ್ಯ ಹಾಕಿ, ಶುದ್ಧ ನೀರಿನ ಘಟಕದ ಮುಂದೆ ಸಾಲಾಗಿ ನಿಲ್ಲುವ ಜಿಲ್ಲೆಯ ಜನ ತಮ್ಮ ನೀರಿನ ಮೇಲೆ ಇನ್ನೊಂದು ವಿಷ ಹೇರಿಕೊಳ್ಳುವುದಕ್ಕೆ ಧೈರ್ಯ ಅನ್ನಬೇಕೋ ಹುಚ್ಚು ಅನ್ನಬೇಕೋ ತಿಳಿಯದು.

ಈ ಹೊಳೆಗಳು ಸತ್ತಿಲ್ಲ ಎನ್ನುವುದಕ್ಕೆ 2021ರ ನವೆಂಬರೇ ಸಾಕ್ಷಿ. ಆ ಮಳೆಗೆ ಕಂದವಾರ ಕೆರೆ ಕೋಡಿ ಬಿದ್ದು ಚಿಕ್ಕಬಳ್ಳಾಪುರದ ಬೀದಿಗೆ ನೀರು ನುಗ್ಗಿತು. ಜನ ಮಕ್ಕಳನ್ನು ಕಟ್ಟಿಕೊಂಡು ಪಿನಾಕಿನಿ ನೋಡಲು ಹೋದರು. ಅದೇ ದಿನಗಳಲ್ಲಿ ಕೆಳಗೆ ಅನಂತಪುರ ಜಿಲ್ಲೆಯಲ್ಲಿ ಚಿತ್ರಾವತಿಯ ಪ್ರವಾಹಕ್ಕೆ ಸಿಕ್ಕಿದವರನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಹಳ್ಳಿಗಳಲ್ಲಿ ಗಂಗಮ್ಮನಿಗೆ ಬಾಗಿನ ಕೊಟ್ಟರು, ತೆಪ್ಪೋತ್ಸವ ಮಾಡಿದರು, ಕುರಿ ಕಡಿದರು. ಹಬ್ಬ ಮುಗಿದ ಮೇಲೆ ಬಾಗಿನದ ಪ್ಲಾಸ್ಟಿಕ್ ಚೀಲ ಕೋಡಿಯಲ್ಲೇ ಉಳಿಯಿತು. ನಮ್ಮ ಭಕ್ತಿ ಯಾವಾಗಲೂ ನೀರು ಬಂದ ದಿನದ ಭಕ್ತಿ.

ಈ ನೀರಿಗೆ ಕೆಳಗಿನವರು ಎಷ್ಟು ಬೆಲೆ ಕಟ್ಟಿದ್ದರು ಗೊತ್ತೇ? 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸು ಸರ್ಕಾರಕ್ಕೂ ನೀರಿನ ಒಪ್ಪಂದವಾಯಿತು. ಕಾವೇರಿ ಜಗಳದಲ್ಲಿ ಅದರ ಹೆಸರು ಎಲ್ಲರೂ ಕೇಳಿದ್ದೇವೆ. ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಅಣೆ ಕಟ್ಟಬಾರದು ಎಂದು ಅದರಲ್ಲಿ ಪಟ್ಟಿ ಮಾಡಿದ ನದಿಗಳಲ್ಲಿ ತುಂಗಭದ್ರೆ, ಕಾವೇರಿಯ ಜೊತೆ ಎರಡೂ ಪಿನಾಕಿನಿಗಳಿವೆ, ಚಿತ್ರಾವತಿ ಇದೆ, ಪಾಪಾಗ್ನಿ ಇದೆ, ಪಾಲಾರ್ ಇದೆ. ವರ್ಷದಲ್ಲಿ ಕೆಲವೇ ತಿಂಗಳು ಹರಿಯುವ ನಮ್ಮ ಸಣ್ಣ ಹೊಳೆಗಳನ್ನು ಒಂದು ದೊಡ್ಡ ಪ್ರಾಂತ್ಯ ಹೆಸರು ಹಿಡಿದು ಬರೆಸಿಕೊಂಡಿತ್ತು. ನೀರಿನ ಪಾಲಿಗಾಗಿ ಕರಾರು ಬರೆದುಕೊಂಡವರು ನೀರಿನ ಶುದ್ಧಿಗಾಗಿ ಬರೆದುಕೊಳ್ಳಲಿಲ್ಲ. ಬೆಟ್ಟದಿಂದ ಬರುವ ನೀರು ಕೊಳಕಾಗಿ ಬರಬಹುದು ಎಂಬ ಯೋಚನೆ ಆಗ ಯಾರಿಗೆ ಬಂದೀತು!

ಕೊಳಕಾದ ಮೇಲೆ ಏನಾಗುತ್ತದೆ ಎಂಬುದನ್ನು ಪಾಲಾರ್ ತೋರಿಸಿಕೊಟ್ಟಿದೆ. ತಲಗವಾರದಿಂದ ಹೊರಟ ಈ ನದಿಯ ಇಕ್ಕೆಲದಲ್ಲಿ ಕೆಳಗೆ ಚರ್ಮ ಹದಮಾಡುವ ಕಾರ್ಖಾನೆಗಳು ನಿಂತವು. ಅವುಗಳ ನೀರು ಹೊಳೆಗೆ, ಹೊಲಕ್ಕೆ, ಬಾವಿಗೆ ಇಳಿಯಿತು. ಸುಮಾರು 35,000 ಹೆಕ್ಟೇರ್ ಬೇಸಾಯದ ಭೂಮಿ ಪೂರ್ತಿಯಾಗಿಯೋ ಅರೆಬರೆಯಾಗಿಯೋ ಕೆಟ್ಟುಹೋದದ್ದು ಸುಪ್ರೀಂ ಕೋರ್ಟಿನ ಮುಂದೆ ಬಂತು. 1996ರ ಆಗಸ್ಟಿನಲ್ಲಿ ವೇಲೂರು ನಾಗರಿಕರ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ ಮಾತು ಇವತ್ತಿಗೂ ದೇಶದ ಪರಿಸರ ಕಾನೂನಿನ ಬುನಾದಿ: ಕೆಡಿಸಿದವನೇ ಬೆಲೆ ತೆರಬೇಕು. ನೊಂದವರ ಪರಿಹಾರಕ್ಕೂ ಅವನೇ ಕೊಡಬೇಕು, ಕೆಟ್ಟ ನೆಲವನ್ನು ಸರಿಮಾಡುವುದಕ್ಕೂ ಅವನೇ ಕೊಡಬೇಕು. ಅದೇ ನದಿಯ ವಿಚಾರ 2025ರಲ್ಲಿ ಮತ್ತೆ ಅದೇ ನ್ಯಾಯಾಲಯದ ಮುಂದಿತ್ತು. ಮೂವತ್ತು ವರ್ಷ ಹತ್ತಿರವಾದರೂ ತೊಳೆದು ಮುಗಿದಿರಲಿಲ್ಲ ಎಂದರೆ, ನೆಲಕ್ಕೆ ಇಳಿದ ವಿಷ ಎಂಥ ಹಠಮಾರಿ ಎಂದು ಲೆಕ್ಕ ಹಾಕಿ. ದೇಶಕ್ಕೆ ಈ ಕಾನೂನು ಕೊಟ್ಟ ನದಿ ಹುಟ್ಟುವುದು ನಮ್ಮ ಜಿಲ್ಲೆಯಲ್ಲಿ. ಕೆಡಿಸಿದವನು ಎಂಬ ಪದದೊಳಗೆ ಆಂಬೂರಿನ ಕಾರ್ಖಾನೆಯವನು ಮಾತ್ರ ಇದ್ದಾನೆ ಎಂದುಕೊಂಡರೆ ನಾವು ಬಹಳ ಸುಲಭವಾಗಿ ಪಾರಾದೆವು ಎಂದರ್ಥ.

ಇಲ್ಲಿ ಯಾರಾದರೂ ತಡೆದು ಕೇಳುತ್ತೀರಿ. ನಮ್ಮ ಮೇಲೆ ಯಾರೂ ಇಲ್ಲ ಎನ್ನುತ್ತೀರಲ್ಲ, ಬೆಂಗಳೂರು ಏನು ಹಾಗಾದರೆ? ಒಪ್ಪಿದೆ. ಪೈಪು ಹಾಕಿ ಕೆಳಗಿನ ಊರನ್ನು ಮೇಲಕ್ಕೆ ತಂದ ಕಾಲ ಇದು. ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್, ಎಚ್.ಎನ್. ವ್ಯಾಲಿಯ ಲೆಕ್ಕದಲ್ಲಿ 21 ಕೋಟಿ ಲೀಟರ್. ಬೆಂಗಳೂರಿನ ಮನೆಗಳ ಕೊಳಚೆಯನ್ನು ಎರಡು ಹಂತ ಸೋಸಿ ನಮ್ಮ ಕಡೆಗೆ ಏರಿಸುತ್ತಿದ್ದಾರೆ. ಒಂದು ಕೋಲಾರದ ಜೊತೆ ಚಿಂತಾಮಣಿ ಕಡೆಯ ಕೆಲವು ಕೆರೆಗಳಿಗೆ, ಇನ್ನೊಂದು ಕಂದವಾರವೂ ಸೇರಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ. 2018ರ ಜೂನ್‌ನಲ್ಲಿ ಕೋಲಾರಕ್ಕೆ ನೀರು ಬಂತು, ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೋರಾಟಗಾರರು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಬೀದಿಯಲ್ಲಿ ಕೂಗುತ್ತಲೇ ಬಂದಿದ್ದಾರೆ. ಆ ಕೂಗಿಗೆ ನನ್ನ ದನಿಯೂ ಸೇರಿದೆ. ಬತ್ತಿದ ಕೆರೆಗೆ ನೀರು ಬಂತು, ಬೋರುಗಳಲ್ಲಿ ಮಟ್ಟ ಏರಿತು ಎಂದು ಸಂತೋಷಪಡುವ ರೈತನನ್ನೂ ನಾನು ಹಳಿಯಲಾರೆ. ಬಾಯಾರಿದವನಿಗೆ ನೀತಿ ಹೇಳುವುದು ಸುಲಭ.

ಆದರೆ ಆ ಕೂಗಿನಲ್ಲಿ ನಮ್ಮ ಗಂಟಲು ಒಂದು ಕಡೆ ಕಟ್ಟುತ್ತದೆ. ಬೆಂಗಳೂರಿನ ಕೊಳಚೆಯನ್ನು ಮೂರು ಹಂತ ಸೋಸಿ ಕೊಡಿ ಎಂದು ಕೇಳುವ ನಾವು ನಮ್ಮ ಮನೆಯ ಕೊಳಚೆಯನ್ನು ಎಷ್ಟು ಹಂತ ಸೋಸುತ್ತಿದ್ದೇವೆ? ಈ ಪ್ರಶ್ನೆಯನ್ನು ನಗರಸಭೆಗೆ ಕೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ. ನಿಜವಾಗಿ, ಕಾಲಲ್ಲಿ ನಡೆದು. ಮನೆ ಮುಂದಿನ ಮೋರಿ, ಮೋರಿಯಿಂದ ದೊಡ್ಡ ಚರಂಡಿ, ಚರಂಡಿಯಿಂದ ರಾಜಕಾಲುವೆ, ರಾಜಕಾಲುವೆಯಿಂದ ಕೆರೆ. ನಮ್ಮ ಹಿರಿಯರು ಮಳೆನೀರು ಕೆರೆ ಸೇರಲಿ ಎಂದು ತೋಡಿದ ಕಾಲುವೆಯಲ್ಲಿ ಈಗ ವರ್ಷವಿಡೀ ಹರಿಯುವುದು ನಮ್ಮ ಸೋಪಿನ ನೀರು. ಶೌಚಗುಂಡಿ ತುಂಬಿದಾಗ ಟ್ಯಾಂಕರಿನವನಿಗೆ ಫೋನು ಮಾಡುತ್ತೇವೆ, ಅವನು ಬಂದು ಎಳೆದುಕೊಂಡು ಹೋಗುತ್ತಾನೆ, ನಾವು ದುಡ್ಡು ಕೊಡುತ್ತೇವೆ. ಎಲ್ಲಿ ಸುರಿಯುತ್ತೀಯಪ್ಪ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಕೇಳದೆ ಕೊಟ್ಟ ಆ ದುಡ್ಡಿನಲ್ಲಿ ಸುರಿಯುವುದರ ಕೂಲಿಯೂ ಸೇರಿರುತ್ತದೆ.

ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರ ಪೇಟೆಯಿಂದ ಕೂಗಳತೆ ದೂರ. ಏಡನ್ ಬಂದರಿನ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ಕೊಡಲು ಹೋದವರು ಅವರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಜಲಾಶಯವಷ್ಟೇ ಅಲ್ಲ, ಒಳಚರಂಡಿಯ ಯೋಜನೆಯನ್ನೂ ರೂಪಿಸಿಕೊಟ್ಟವರು ಅವರು. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಅವರ ಪ್ರತಿಮೆಗೆ ಹಾರ ಹಾಕುತ್ತೇವೆ. ಹಾರ ಕಟ್ಟಿಕೊಟ್ಟ ಪ್ಲಾಸ್ಟಿಕ್ ಕವರು ಮೋರಿಗೆ ಹೋಗುತ್ತದೆ. ಅಣೆಕಟ್ಟಿನ ವಿಶ್ವೇಶ್ವರಯ್ಯನವರನ್ನು ಪೂಜಿಸುವ ನಾವು ಚರಂಡಿಯ ವಿಶ್ವೇಶ್ವರಯ್ಯನವರನ್ನು ಮರೆತಿದ್ದೇವೆ.

ನಮ್ಮ ಜನಕ್ಕೆ ಶುಚಿ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಶಿಡ್ಲಘಟ್ಟದ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ರೇಷ್ಮೆ ಹುಳುಮನೆಗೆ ಹೋಗಿ ನೋಡಿ. ಬಾಗಿಲಲ್ಲೇ ತಡೆಯುತ್ತಾರೆ. "ಚಪ್ಪಲಿ ಆಚೆ ಬಿಡಿ ಸಾರ್, ಕಾಲು ಇದರಲ್ಲಿ ಅದ್ದಿ ಬನ್ನಿ" ಎಂದು ಬ್ಲೀಚಿಂಗ್ ನೀರಿನ ತಟ್ಟೆ ತೋರಿಸುತ್ತಾರೆ. ಸಿಗರೇಟು ಸೇದಿ ಬಂದವನನ್ನು ಒಳಗೆ ಬಿಡುವುದಿಲ್ಲ, ಹುಳುವಿಗೆ ತಂಬಾಕು ಆಗದು. ಕಾಯಿಲೆ ಬಿದ್ದ ಹುಳುವನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕುತ್ತಾರೆ, ಬೇರೆ ಹುಳುಗಳಿಗೆ ಅಂಟಬಾರದು. ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದರೆ ಗಾಳಿ ಯಾವ ಕಡೆ ಎಂದು ನೋಡಿ ಆ ಸಾಲಿನ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಿಲ್ಲ. ಒಂದು ಹನಿ ವಿಷ ಸೊಪ್ಪಿನ ಮೇಲೆ ಬಿದ್ದರೂ ಇಡೀ ಬೆಳೆ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಏಳುವ ಮೊದಲೇ ನೆಲಕಚ್ಚುತ್ತದೆ ಎಂದು ಅಜ್ಜಿಗೂ ಗೊತ್ತು, ಹೈಸ್ಕೂಲು ಹುಡುಗಿಗೂ ಗೊತ್ತು. ಸಣ್ಣ ಜೀವಕ್ಕೆ ಸಣ್ಣ ವಿಷವೂ ದೊಡ್ಡದು ಎಂಬ ತಿಳಿವಳಿಕೆ ದೇಶದಲ್ಲಿ ಇನ್ನಾರಿಗಾದರೂ ಇಷ್ಟು ಚೆನ್ನಾಗಿ ಇದ್ದರೆ ತೋರಿಸಿ.

ಅದೇ ಹುಳು ಕಟ್ಟಿದ ಗೂಡು ಮಾರುಕಟ್ಟೆ ದಾಟಿ ರೀಲರ ಶೆಡ್ಡಿಗೆ ಬಂದಾಗ ಈ ತಿಳಿವಳಿಕೆ ಬಾಗಿಲಾಚೆ ನಿಲ್ಲುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ. ಎಳೆಗೆ ಅಂಟಿದ ಗೋಂದಿನಂಥ ಪದಾರ್ಥ, ಸೆರಿಸಿನ್, ರೇಷ್ಮೆಯ ತೂಕದಲ್ಲಿ ಹತ್ತಿರ ಹತ್ತಿರ ಕಾಲುಭಾಗ. ಅದರಲ್ಲಿ ಒಂದಷ್ಟು ನೀರಿಗೆ ಇಳಿಯುತ್ತದೆ. ನೀರು ಕಂದಾಗುತ್ತದೆ, ನಾರುತ್ತದೆ, ಬೇಸಿನ್ನಿನಿಂದ ಚರಂಡಿಗೆ ಹೋಗುತ್ತದೆ. ಕೆರೆ ಸೇರಿದ ಮೇಲೆ ಅದು ಕೊಳೆಯುತ್ತ ನೀರಿನಲ್ಲಿರುವ ಉಸಿರನ್ನೆಲ್ಲ ಹೀರಿಕೊಳ್ಳುತ್ತದೆ. ಮೀನು ತೇಲುವುದು ಅದಕ್ಕೆ. ನಾಲ್ಕು ಬೇಸಿನ್ನಿನ ಬಡ ರೀಲರನ್ನು ಕಟಕಟೆಗೆ ಎಳೆಯುವುದು ನನ್ನ ಉದ್ದೇಶವಲ್ಲ. ಗೂಡಿನ ದರ ಏರಿದರೂ ಸಾಯುವವನು ಅವನು, ನೂಲಿನ ದರ ಇಳಿದರೂ ಸಾಯುವವನು ಅವನು. ಅವನೊಬ್ಬನಿಂದ ಶುದ್ಧೀಕರಣ ಘಟಕ ಆಗದು. ಹತ್ತಾರು ಶೆಡ್ಡು ಸೇರಿ ಒಂದು ಗುಂಡಿಯಲ್ಲಿ ನೀರು ತಂಗಿಸಿ, ಗಸಿ ಕೆಳಗಿಳಿದ ಮೇಲೆ ಬಿಡುವ ಏರ್ಪಾಡಾದರೂ ಆಗಬಹುದು. ಗೂಡಿನೊಳಗಿನ ಸತ್ತ ಹುಳುವನ್ನು ಕೋಳಿ, ಮೀನಿನ ಮೇವಿಗೆ, ಎಣ್ಣೆಗೆ ಕೊಳ್ಳುವವರಿದ್ದಾರೆ, ಅದನ್ನು ಮೋರಿಗೆ ಬಿಡುವುದು ದುಡ್ಡನ್ನೇ ಮೋರಿಗೆ ಬಿಟ್ಟಂತೆ. ಎಲ್ಲರಿಗೂ ಸೇರಿ ಒಂದು ಘಟಕ ಕಟ್ಟಿಸಿಕೊಡಿ ಎಂದು ರೀಲರ ಸಂಘಗಳು ಗೂಡಿನ ದರಕ್ಕೆ ಜಗಳವಾಡುವಷ್ಟೇ ಜೋರಾಗಿ ಜಗಳವಾಡಲಿ. ರೇಷ್ಮೆಸೀರೆ ಉಡುವ ನಮ್ಮಂಥವರೂ ಆ ಜಗಳಕ್ಕೆ ಹೋಗಬೇಕು, ಆ ನೀರು ಕಂದಾದದ್ದು ನಮ್ಮ ಸೀರೆಗಾಗಿ.

ಚಿಂತಾಮಣಿ ಕಡೆಯದು ಬೇರೆ ಕಥೆ. ಟೊಮೆಟೊ ಸುಗ್ಗಿ ಮುಗಿದ ಹೊಲದ ಅಂಚಿಗೆ ಹೋಗಿ. ಮಲ್ಚಿಂಗ್ ಪೇಪರಿನ ಹರಿದ ಉದ್ದುದ್ದ ಪಟ್ಟಿಗಳು, ಡ್ರಿಪ್ ಪೈಪಿನ ತುಂಡುಗಳು, ಔಷಧಿ ಡಬ್ಬಗಳು. ಎಲ್ಲವನ್ನೂ ಗುಡಿಸಿ ಕಾಲುವೆಗೆ ತಳ್ಳಿರುತ್ತಾರೆ, ಇಲ್ಲವೇ ಕಾಲುವೆಯಲ್ಲೇ ಬೆಂಕಿ ಹಚ್ಚಿರುತ್ತಾರೆ. ಔಷಧಿ ಹೊಡೆದ ಕ್ಯಾನನ್ನು ಕುಂಟೆಯಲ್ಲಿ ಅದ್ದಿ ತೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಕುಂಟೆಗೆ ಸಂಜೆ ಹಸು ಇಳಿಯುತ್ತದೆ, ಅದೇ ಹಸುವಿನ ಹಾಲು ಬೆಳಗ್ಗೆ ಡೇರಿಗೆ ಹೋಗುತ್ತದೆ. ಕ್ಯಾನು ತೊಳೆದ ನೀರನ್ನು ಅದೇ ಬೆಳೆಯ ಸಾಲಿಗೆ ಚೆಲ್ಲಲು ಏನು ಖರ್ಚು? ಡಬ್ಬ ವಾಪಸು ತೆಗೆದುಕೊಳ್ಳಿ ಎಂದು ಮಾರಿದ ಅಂಗಡಿಯವನ ಮುಂದೆ ಪಟ್ಟು ಹಿಡಿಯಲು ಏನು ಅಡ್ಡಿ? ಸಾಲ ತಂದು ಡ್ರಿಪ್ ಹಾಕಿ ಒಂದೊಂದು ಹನಿ ನೀರು ಉಳಿಸುವ ರೈತನಷ್ಟು ನೀರಿನ ಬೆಲೆ ಬಲ್ಲವರಿಲ್ಲ. ಉಳಿಸುವ ಲೆಕ್ಕ ಬಲ್ಲವನಿಗೆ ಕೆಡಿಸದಿರುವ ಲೆಕ್ಕ ಕಷ್ಟವೇನಲ್ಲ. ಇನ್ನು ಕೆರೆಯಂಗಳದ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿ ಮಾರುವವರ ವಿಷಯ. ಅವರಿಗೆ ಕರೆ ಕೊಟ್ಟು ಪ್ರಯೋಜನವಿಲ್ಲ, ಕೇಸು ಹಾಕಬೇಕು. ಆದರೆ ಆ ಮರಳಿನಲ್ಲಿ ಮನೆ ಕಟ್ಟಿದವರು ನಾವೇ ಅಲ್ಲವೇ?

ನಾನೊಬ್ಬ ಬಿಟ್ಟರೆ ಹೊಳೆ ಶುದ್ಧವಾಗಿಬಿಡುತ್ತದೆಯೇ ಎಂದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ದೊಡ್ಡ ನದಿಯ ದಂಡೆಯವನು ಹಾಗೆ ಕೇಳಿದರೆ ಉತ್ತರ ಹೇಳುವುದು ಕಷ್ಟ. ಗಂಗೆಯ ದಂಡೆಯಲ್ಲಿ ಒಬ್ಬ ಏನು ಮಾಡಿದರೂ ಗಂಗೆಗೆ ಗೊತ್ತಾಗದು. ನಮ್ಮ ಹೊಳೆಗಳು ಹಾಗಲ್ಲ. ಇವು ಇಲ್ಲಿ ಇನ್ನೂ ಹೊಳೆಯೇ ಆಗಿರುವುದಿಲ್ಲ, ಪಂಚೆ ಎತ್ತಿ ಕಟ್ಟಿ ಹಾರಿದರೆ ದಾಟುವ ತೊರೆಗಳು. ಇಂಥ ತೊರೆಗೆ ಒಂದು ಕೋಳಿ ಅಂಗಡಿ ಲೆಕ್ಕಕ್ಕೆ ಬರುತ್ತದೆ. ಒಂದು ಶೆಡ್ಡು, ಒಂದು ಹೋಟೆಲು, ಒಂದು ಕಲ್ಯಾಣಮಂಟಪ, ಒಬ್ಬ ಟ್ಯಾಂಕರಿನವನು ಲೆಕ್ಕಕ್ಕೆ ಬರುತ್ತಾನೆ. ಕೆರೆ ಏರಿ ಮೇಲೆ ಕಸ ಎಸೆಯುವವರು ಯಾರ‍್ಯಾರು ಎಂದು ಊರಿನಲ್ಲಿ ಬೆರಳೆಣಿಸಿ ಹೇಳಬಹುದು, ಹೆಸರಿನ ಸಮೇತ. ಅವರಲ್ಲಿ ಮೂರು ಜನ ನಿಲ್ಲಿಸಿದರೆ ಆ ತೊರೆಯ ನೀರು ಅದೇ ಮಳೆಗಾಲಕ್ಕೆ ಬೇರೆಯಾಗಿ ಕಾಣುತ್ತದೆ. ನದಿಯ ತಲೆಯಲ್ಲಿ ಇರುವವರಿಗೆ ಮಾತ್ರ ಇರುವ ಅಧಿಕಾರ ಇದು.

ಅದಕ್ಕೆ ಕೇಳಬೇಕು. ರಾತ್ರಿ ಒಂಬತ್ತರ ಮೇಲೆ ಮೊಪೆಡ್ಡಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಏರಿ ಮೇಲೆ ಬರುವವನನ್ನು ನಿಲ್ಲಿಸಿ ಒಬ್ಬಾಕೆ ಕೇಳುತ್ತಾಳೆ ಎಂದುಕೊಳ್ಳಿ.

"ಯಾಕಣ್ಣಾ ಇಲ್ಲಿ ಹಾಕ್ತೀಯಾ?"

"ಎಲ್ಲಾರೂ ಹಾಕ್ತಾರಲ್ಲಕ್ಕಾ."

"ಎಲ್ಲಾರನ್ನೂ ನಾನು ನೋಡಿಲ್ಲ. ನಿನ್ನ ನೋಡಿದೀನಿ."

ಇಷ್ಟೇ ಮಾತು. ಆದರೆ ಈ ಮಾತು ಆಡುವುದಕ್ಕೆ ಧೈರ್ಯ ಬೇಕು, ನನಗೆ ಗೊತ್ತು. ಊರಿನಲ್ಲಿ ಎದುರು ಹಾಕಿಕೊಂಡು ಬದುಕುವುದು ಸುಲಭವಲ್ಲ. ಅವನು ನೆಂಟನಿರುತ್ತಾನೆ, ನಮ್ಮ ಪಕ್ಷದವನಿರುತ್ತಾನೆ, ಇಲ್ಲವೇ ನಮ್ಮ ಬೆಳೆ ಕೊಳ್ಳುವವನಿರುತ್ತಾನೆ. ಕಾರ್ಖಾನೆಯ ಟ್ಯಾಂಕರು ಮಳೆ ಬರುವ ರಾತ್ರಿ ನೋಡಿಕೊಂಡು ರಾಜಕಾಲುವೆಗೆ ಪೈಪು ಬಿಟ್ಟದ್ದನ್ನು ಕಂಡವನ ಕಷ್ಟ ಇನ್ನೂ ದೊಡ್ಡದು, ಅವನ ಮಗ ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿರುತ್ತಾನೆ. ಅದಕ್ಕೆ ಒಬ್ಬರೇ ಹೋಗಬೇಡಿ. ಐದು ಜನ ಹೋಗಿ. ಫೋಟೋ ತೆಗೆದುಕೊಳ್ಳಿ, ದಿನ ಮತ್ತು ಹೊತ್ತು ಬರೆದಿಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಜಲಮಾಲಿನ್ಯ ತಡೆ ಕಾಯಿದೆ 1974ರಿಂದ ಇದೆ. ನದಿ, ಕೆರೆಗಳನ್ನು ಕಾಪಾಡುವುದು ನಾಗರಿಕನ ಕರ್ತವ್ಯ ಎಂದು 1976ರಲ್ಲಿ ಸಂವಿಧಾನದ 51ಎ ವಿಧಿಯಲ್ಲಿ ಬರೆದಾಗಿದೆ. ಸರ್ಕಾರದ ಹೊಣೆಯನ್ನು ನಮ್ಮ ತಲೆಗೆ ಕಟ್ಟುವ ಮಾತಲ್ಲ ಇದು. ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು ಕಾರ್ಖಾನೆಯನ್ನು ಬಿಟ್ಟುಬಿಡುವ ಸ್ವಚ್ಛತಾ ಆಂದೋಲನಗಳ ಬಗ್ಗೆ ನನಗೂ ಬೇಸರವಿದೆ. ಆದರೆ ಸರ್ಕಾರವನ್ನು ಎಬ್ಬಿಸುವವನು ಯಾರು? ಹೊಳೆ ಬಂದು ಅರ್ಜಿ ಕೊಡುವುದಿಲ್ಲ.

ಧೈರ್ಯದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ. ಉತ್ತರ ಪಿನಾಕಿನಿಯ ದಂಡೆಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದ ತಪ್ಪಿಗೆ ನಮ್ಮ ಜನ ಗುಂಡಿಗೆ ಎದೆಕೊಟ್ಟರು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ನಾವೇ ಬೋರ್ಡು ಬರೆದುಕೊಂಡಿದ್ದೇವೆ. ಅದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಹೋಗಿ ಓದಿದ ಎಚ್. ನರಸಿಂಹಯ್ಯನವರು ಬದುಕಿಡೀ ಕಲಿಸಿದ್ದು ಒಂದೇ: ಪ್ರಶ್ನೆ ಕೇಳಿ, ಎದುರಿಗಿರುವವರು ಎಷ್ಟೇ ದೊಡ್ಡವರಾಗಿರಲಿ. ಲಾಠಿಯೂ ಇಲ್ಲದ ಗುಂಡೂ ಇಲ್ಲದ ಒಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಲು ನಮಗೆ ನಾಲಿಗೆ ಏಳದಿದ್ದರೆ ಆ ಸ್ಮಾರಕಕ್ಕೆ ಯಾವ ಮುಖ ಹೊತ್ತು ಹೋಗುತ್ತೇವೆ?

ಹಳೆಯ ಕಾಲ ಚೆನ್ನಾಗಿತ್ತು, ಹಿರಿಯರು ಕೆರೆಯನ್ನು ದೇವರಂತೆ ಕಾಪಾಡಿದರು ಎನ್ನುವವರಿಗೂ ಒಂದು ಮಾತು. ಕಾಪಾಡಿದ್ದು ನಿಜ, ಯಾರು ಎಂದು ಕೇಳಿ. ತೂಬು ಎತ್ತಿ ಇಳಿಸಿದವನು, ಕಾಲುವೆಯ ಕಸ ತೆಗೆದವನು, ಮಳೆಯ ರಾತ್ರಿ ಏರಿ ಮೇಲೆ ಕಾವಲು ಕೂತವನು ನೀರುಗಂಟಿ. ಬಹಳ ಊರುಗಳಲ್ಲಿ ಅವನು ದಲಿತ. ಸುಗ್ಗಿಯಲ್ಲಿ ಅವನಿಗೆ ಇಷ್ಟು ರಾಗಿ, ಇಷ್ಟು ಭತ್ತ. ಅವನು ಕಾಪಾಡಿದ ಕೆರೆಯ ನೀರನ್ನು ಮುಟ್ಟಲು ಅವನಿಗೇ ಎಷ್ಟೋ ಊರಲ್ಲಿ ಅಪ್ಪಣೆ ಇರಲಿಲ್ಲ. ಬೋರು ಬಂದ ಮೇಲೆ ಉಳ್ಳವರಿಗೆ ಕೆರೆ ಬೇಡವಾಯಿತು, ನೀರುಗಂಟಿಯ ರಾಗಿಯೂ ನಿಂತಿತು. ಇಂದು ಮೋರಿ ಕಟ್ಟಿಕೊಂಡರೆ ನಾವು ಕರೆಯುವುದು ಪೌರಕಾರ್ಮಿಕರನ್ನು. ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದು ಅಪರಾಧ ಎಂದು 2013ರ ಕಾನೂನು ಹೇಳಿದರೂ ಇಳಿಸುವವರು ಇದ್ದಾರೆ. ನಾವು ಎಸೆಯುವ ಸ್ಯಾನಿಟರಿ ಪ್ಯಾಡು, ಮಕ್ಕಳ ಡೈಪರು, ಗಾಜಿನ ಚೂರು ಅವರ ಬರಿಗೈಗೆ ತಾಗುತ್ತದೆ. ಹೊಳೆಯನ್ನು ಶುಚಿಯಾಗಿಡುವ ಹೊಣೆಯನ್ನು ಒಂದು ಜಾತಿಯ ಹೆಗಲಿಗೆ ಹಾಕಿ ನಿಶ್ಚಿಂತೆಯಾಗಿದ್ದವರು ನಾವು. ಹೊಣೆ ನನ್ನದು ಎನ್ನುವಾಗ ಆ ಹೆಗಲಿನಿಂದ ಇಳಿಸಿಕೊಳ್ಳುತ್ತಿದ್ದೇನೆ ಎಂಬ ಅರ್ಥವೂ ಅದಕ್ಕೆ ಇರಬೇಕು.

ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆ ಎಂದು ಹತ್ತಾರು ವರ್ಷ ಕಾದಿದ್ದೇವೆ. 2024ರ ಗೌರಿಹಬ್ಬದ ದಿನ ಸಕಲೇಶಪುರದ ಕಡೆ ಅದರ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಪಶ್ಚಿಮಘಟ್ಟದ ಕಾಡು ಬಗೆದು, ಬೆಟ್ಟ ಕೊರೆದು, ಅಷ್ಟು ದೂರದಿಂದ ಆ ನೀರು ಒಂದು ದಿನ ನಮ್ಮ ಕೆರೆಗೆ ಬಂದೀತು. ಬಂದು ಬೀಳುವುದು ಎಲ್ಲಿಗೆ? ಕೋಳಿಪುಕ್ಕದ ಅಂಗಳಕ್ಕೇ? ಘಟ್ಟದವರ ಕಣ್ಣೀರು ಬೆರೆತ ನೀರನ್ನು ತರಿಸಿಕೊಂಡು ಮೋರಿಗೆ ಬಿಡುವ ಹಕ್ಕು ನಮಗೆ ಯಾರು ಕೊಟ್ಟರು?

 ಮೊದಲ ಮಳೆ ನಮ್ಮ ಕೊಳೆಯನ್ನು ಹೊತ್ತು ಹೊರಡುವ ಮೊದಲು ನಿಮ್ಮ ಬೀದಿಯ ರಾಜಕಾಲುವೆಯ ಉದ್ದಕ್ಕೂ ಒಂದು ಭಾನುವಾರ ನಡೆಯಿರಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಯಾವ ಮನೆಯ ಪೈಪು ಬಂದು ಸೇರಿದೆ, ಯಾವ ಅಂಗಡಿಯ ಕಸ ಬಿದ್ದಿದೆ, ಎಲ್ಲಿ ಒತ್ತುವರಿಯಾಗಿದೆ, ಬರೆದುಕೊಳ್ಳಿ. ಪಟ್ಟಿಯ ಮೊದಲಲ್ಲಿ ನಿಮ್ಮ ಮನೆಯ ಪೈಪು ಇದ್ದರೆ ಅದನ್ನೇ ಮೊದಲು ಬರೆಯಿರಿ. ಆಮೇಲೆ ಆ ಹಾಳೆ ಹಿಡಿದು ಗ್ರಾಮಸಭೆಗೋ ನಗರಸಭೆಗೋ ಹೋಗಿ. ಅಲ್ಲಿ ಕೇಳಬೇಕಾದ್ದು ಇಷ್ಟು: ನಮ್ಮ ಊರಿನ ಕೊಳಚೆ ಎಷ್ಟು, ಅದರಲ್ಲಿ ಸೋಸಿ ಬಿಡುವುದು ಎಷ್ಟು, ಶೌಚಗುಂಡಿಯ ಟ್ಯಾಂಕರು ಎಲ್ಲಿ ಸುರಿಯಬೇಕೆಂದು ಗೊತ್ತುಮಾಡಿದ್ದೀರಾ, ಕೋಳಿ ಅಂಗಡಿಯ ತ್ಯಾಜ್ಯಕ್ಕೆ ಜಾಗ ಎಲ್ಲಿ? ಉತ್ತರವನ್ನು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ನಡಾವಳಿಯಲ್ಲಿ ಬರೆಸಿ. ಮುಂದಿನ ಸಭೆಗೆ ಅದೇ ಹಾಳೆ ಹಿಡಿದು ಮತ್ತೆ ಹೋಗಿ.